ಜಾಲಿಯ ಕಾಯಿ ಬಲು ಸಿಹಿ

ಊರು ಅಂದಮೇಲೆ ಅಲ್ಲೊಬ್ಬ ಸಾಹುಕಾರ ಇರಲೇಬೇಕಲ್ಲ, ಈ ಊರಿನಲ್ಲೂ ಒಬ್ಬನಿದ್ದ. ಕೆಟ್ಟವನಲ್ಲ, ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಆದರೆ ಕೂತಲ್ಲೇ ಕನಸು ಕಾಣುವ ಸ್ವಭಾವ. ಕೆಲಸ ಆಗಬೇಕು, ತನ್ನ ಬೆವರು ಮಾತ್ರ ಇಳಿಯಬಾರದು. ನಗಬೇಡಿ, ಅಂಥವರು ಈ ಮಂಟಪದಲ್ಲಿ ಕಥೆ ಕೇಳಲು ಕೂತವರಲ್ಲೂ ಇದ್ದಾರೆ, ನನಗೆ ಗೊತ್ತು.

ಅವನ ಹೆಂಡತಿಗೆ ತವರಿನಿಂದ ಬಂದ, ಕಪ್ಪು ಮಣ್ಣಿನ ಒಂದು ಎರೆಹೊಲವಿತ್ತು. ಅಪ್ಪ ಕೊಟ್ಟದ್ದು. ಆಕೆಗೆ ತನ್ನದು ಅಂತ ಇದ್ದದ್ದು ಅದೊಂದೇ. ಹೊಲದ ಬದುವಿಗೆ ಹತ್ತಿಕೊಂಡು ಹಳ್ಳ, ಹಳ್ಳದ ತುಂಬ ಬಳ್ಳಾರಿ ಜಾಲಿ. ನೋಡಿ, ಈ ಜಾಲಿ ನಮ್ಮ ನೆಲದ್ದಲ್ಲ. ಎಲ್ಲಿಂದಲೋ ಬಂತು, ನೆರಳಾದೀತು, ಉರುವಲಾದೀತು ಅಂತ ನಾವೇ ಬಿಟ್ಟುಕೊಂಡೆವು. ಈಗ ಅದು ನಮಗೆ ಜಾಗ ಬಿಡುತ್ತಿಲ್ಲ. ಆಕೆಯ ಹೊಲದ ಬದುವಿನ ಮೇಲೂ ಆಗಲೇ ಕಾಲಿಟ್ಟಿತ್ತು.

"ಏನ್ರೀ, ಇನ್ನೊಂದು ಮಳಿಗಾಲ ಆದ್ರ ನಮ್ಮಪ್ಪನ ಹೊಲ ಹೋತು ಅಂತ ತಿಳೀರಿ. ಆಳು ಹಚ್ಚಿ ಬೇರ್ ಸಮೇತ ಕೀಳಸ್ರಿ," ಎಂದಳು ಹೆಂಡತಿ.

"ಆಳು ಯಾಕ? ಆಡು ಸಾಕೋಣು. ಮೇದು ಮೇದು ಹಳ್ಳಾನ ಬೋಳು ಮಾಡ್ತಾವ. ನಿನ್ನ ಹೊಲಾನೂ ಉಳೀತು, ನನಗ ಸಂಗಾತಾನೂ ಆತು," ಎಂದ ಸಾಹುಕಾರ.

ಆಡುಗಳು ಬಂದವು. ಬರೀ ಆಡುಗಳಲ್ಲ, ಮನೆಯ ಮಕ್ಕಳಾದವು. ಒಂದಕ್ಕೆ ಚಂದ್ರಿ ಅಂತ ಹೆಸರು, ಕಿವಿಯ ಮೇಲೆ ಚುಕ್ಕಿಯಿದ್ದದ್ದಕ್ಕೆ ಬುಗುಡಿ. ಕೊರಳಿಗೆ ಗಂಟೆ, ಸಂಜೆಗೆ ಅಂಗೈಯಲ್ಲಿ ಬೆಲ್ಲ. ಅವನಿಗೆ ಅವುಗಳ ಮೇಲೆ ಎಷ್ಟು ಪ್ರೀತಿ ಅಂದರೆ, ಬುಗುಡಿ ಸೀನಿದರೆ ಇವನಿಗೆ ಊಟ ಸೇರುತ್ತಿರಲಿಲ್ಲ.

ಬೇಸಿಗೆಯ ಮಧ್ಯಾಹ್ನ. ಊರೆಲ್ಲ ಬಾಗಿಲು ಮುಚ್ಚಿ ಮಲಗಿರುವ ಹೊತ್ತು. ಸಾಹುಕಾರ ಜಾಲಿಯ ಕೆಳಗೆ ಕಂಬಳಿ ಹಾಸಿ ಒರಗುತ್ತಿದ್ದ. ಸಣ್ಣ ಸಣ್ಣ ಎಲೆಗಳ ನಡುವೆ ಬಿಸಿಲು ಸೋಸಿ ಸೋಸಿ ಮೈಮೇಲೆ ಬೀಳುತ್ತಿತ್ತು. ಹಳದಿ ಕಾಯಿಗಳು ಒಂದೊಂದಾಗಿ ಉದುರುತ್ತಿದ್ದವು. ಗಾಳಿಗೆ ಬೆಲ್ಲದ ಪಾಕದ ವಾಸನೆ. ಗಂಟೆಯ ಸದ್ದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಹಳ್ಳದಲ್ಲಿ ಮುಳ್ಳಿಲ್ಲ, ತಿಳಿನೀರು ಹರಿಯುತ್ತಿದೆ, ಆಚೆ ಎರೆಹೊಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತು ಮೆಲ್ಲಗೆ ತೂಗುತ್ತಿದೆ, ತೆನೆಗಳ ನಡುವೆ ಹೆಂಡತಿ ಮದುವೆಯ ಹೊಸತರಲ್ಲಿ ನಕ್ಕಂತೆ ನಗುತ್ತಿದ್ದಾಳೆ. ಎಷ್ಟು ಸುಖ ಅಂತೀರಿ! ಏಳಲು ಮನಸ್ಸೇ ಬಾರದು.

ಒಂದು ದಿನ ಬುತ್ತಿ ತಂದ ಹೆಂಡತಿ ಸ್ವಲ್ಪ ಹೊತ್ತು ಆಡುಗಳನ್ನೇ ನೋಡುತ್ತ ನಿಂತಳು.

"ರೀ, ಇವು ಎಲಿ ಮುಟ್ಟವಲ್ಲವು. ಬರೀ ಕಾಯಿ ಆರಿಸಿ ತಿಂತಾವ."

"ಕಾಯಿ ಸಿಹಿ ಇರ್ತಾವ, ತಿನ್ನಲಿ ಬಿಡು. ಕಾಯಿ ಮುಗದ ಮ್ಯಾಲ ಎಲಿಗೆ ಬರ್ತಾವ," ಅಂದು ಅವನು ಮತ್ತೆ ಕಣ್ಣು ಮುಚ್ಚಿದ.

ಹೊಲಕ್ಕೆ ಗೊಬ್ಬರವಾಗಲಿ ಅಂತ ನಮ್ಮ ಕಡೆ ಆಡು, ಕುರಿ ನಿಲ್ಲಿಸುತ್ತಾರಲ್ಲ, ಆ ಬೇಸಿಗೆ ಇವನೂ ಹಾಗೇ ಮಾಡಿದ. ಹಳ್ಳದಲ್ಲಿ ಹೊಟ್ಟೆ ತುಂಬಿಸಿಕೊಂಡ ಆಡುಗಳನ್ನು ಇರುಳೆಲ್ಲ ಹೆಂಡತಿಯ ಹೊಲದಲ್ಲೇ ತಂಗಿಸಿದ. ಇಂದು ಈ ಮೂಲೆ, ನಾಳೆ ಆ ಮೂಲೆ. ಆಕೆಗೆ ಹೇಳಲಿಲ್ಲ. ಮಳೆ ಬಿದ್ದಮೇಲೆ ಹೊಲ ತೋರಿಸಿ ಆಕೆಯ ಮುಖ ಅರಳುವುದನ್ನು ನೋಡಬೇಕು ಅಂತ ಆಸೆ. ಪ್ರೀತಿಯಿಂದಲೇ ಮಾಡಿದ, ಇದನ್ನು ಮರೆಯಬೇಡಿ.

ಮಳೆ ಬಂತು. ಬೆಳಗಿನ ಸೋನೆಯಲ್ಲಿ ಹೆಂಡತಿಯ ಕೈಹಿಡಿದು ಕರೆದುಕೊಂಡು ಹೋದ. ಹೊಲ ಕಂಡಿತು. ಆಹಾ, ಎಂಥ ಹಸಿರು! ಬದುವಿನಿಂದ ಬದುವಿಗೆ ಎಳೆಹಸಿರು, ಅದರ ಮೇಲೆ ತೆಳ್ಳಗೆ ಮಂಜು. ಕನಸೇ ನೆಲಕ್ಕಿಳಿದಿದೆ ಅನ್ನಿಸಿತು ಅವನಿಗೆ. ಆಕೆ ಬಗ್ಗಿ ಒಂದು ಸಸಿ ಕಿತ್ತಳು. ಹುಣಸೆಯೆಲೆಯಂಥ ಸಣ್ಣ ಎಲೆ. ಬೇರಿಗೆ ಆಡಿನ ಹಿಕ್ಕೆ ಇನ್ನೂ ಅಂಟಿಕೊಂಡಿತ್ತು.

"ಇದು ಜಾಲಿ ಐತ್ರೀ," ಎಂದಳು. ಕಣ್ಣು ತುಂಬಿತ್ತು.

"ಇಷ್ಟೂ ಜಾಲಿಯೇನು? ಎಲ್ಲಿಂದ ಬಂತು?"

"ಆಡಿನ ಹೊಟ್ಟ್ಯಾಗಿಂದ. ಹಳ್ಳದಾಗಿನ ಬೀಜ ತಂದು ನಮ್ಮಪ್ಪನ ಹೊಲದಾಗ ಬಿತ್ತಿದಿರಿ."

ಅವನಿಗೆ ಚಂದ್ರಿಯ ಮೇಲೆ, ಬುಗುಡಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಇವತ್ತೇ ಸಂತಿಗೆ ಹೊಡೀತೀನಿ!"

"ಪಾಪ, ಅವಕ್ಕೇನು ತಿಳೀತೈತಿ? ಅವು ಹಸದು ತಿಂದ್ವು. ನಾ ಹೇಳಿದಾಗ ಕಣ್ಣು ಮುಚ್ಚಿಕೊಂಡವ್ರು ಯಾರು?"

ಆಕೆ ಸೀರೆಯ ಸೆರಗು ಕಟ್ಟಿ ಕೀಳಲು ಕೂತಳು. ಹುಟ್ಟಿನಿಂದ ಕಳೆ ಕೀಳದ ಸಾಹುಕಾರ ಪಕ್ಕದಲ್ಲಿ ಮೊಣಕಾಲೂರಿದ. ಬೆಳೆದ ಜಾಲಿಗೆ ಕೊಡಲಿ ಬೇಕು. ಎಳೆಯದು ಎರಡು ಬೆರಳಿಗೆ ಬಂತು. ಆದರೂ ಆ ವರ್ಷ ಅರ್ಧ ಹೊಲವಷ್ಟೇ ಬಿತ್ತನೆಗೆ ಸಿಕ್ಕಿತು. ಆಮೇಲೆ ಆಡುಗಳೂ ಇದ್ದವು, ಪ್ರೀತಿಯೂ ಇತ್ತು. ಆದರೆ ಕಾಯಿಯನ್ನು ಅವನೇ ಆರಿಸಿ, ಒಣಗಿಸಿ, ಬೀಜ ನುಚ್ಚಾಗುವಂತೆ ಕುಟ್ಟಿ ತಿನ್ನಿಸುತ್ತಿದ್ದ. ಹಳ್ಳಕ್ಕೆ ಗುದ್ದಲಿ ಹಿಡಿದು ತಾನೇ ಇಳಿಯುತ್ತಿದ್ದ.

ಅಯ್ಯೋ ದಡ್ಡ ಅಂತ ಮರುಗುತ್ತಿದ್ದೀರಾ ತಾಯಂದಿರೇ, ಅಣ್ಣಂದಿರೇ? ಸ್ವಲ್ಪ ತಡೆಯಿರಿ. ಅಣ್ಣತಮ್ಮಂದಿರ ನಡುವೆ ಒಂದು ಜಗಳ ಆಗಿರುತ್ತದೆ. ನಾಲ್ಕು ಜನ ಕೂತು ಬಗೆಹರಿಸಿರುತ್ತಾರೆ. "ನಾನು ಅದನ್ನೆಲ್ಲ ಬಿಟ್ಟೆ" ಅನ್ನುತ್ತೀರಿ. ಬಿಟ್ಟಿರಾ? ಕಟ್ಟೆಯ ಮೇಲೆ ಕೂತು ಆ ಮಾತನ್ನೇ ಮತ್ತೆ ಎತ್ತುತ್ತೀರಿ. ಅವನು ಹಾಗಂದ, ಅವಳು ಹೀಗಂದಳು. ಎಷ್ಟು ಸಿಹಿ ಅದು, ಅಲ್ಲವೇ? ಹೊಟ್ಟೆ ತುಂಬ ತಿನ್ನುತ್ತೀರಿ. ಆಮೇಲೆ ಸಂಜೆ ಎಲ್ಲಿಗೆ ಹೋಗುತ್ತೀರಿ? ಹೇಳಿ, ಎಲ್ಲಿಗೆ? ಮನೆಗೆ. ಊಟಕ್ಕೆ ಕೂತು, ತಟ್ಟೆಯ ಮುಂದೆ, ಮಕ್ಕಳ ನಡುವೆ ಅದನ್ನೇ ಉದುರಿಸುತ್ತೀರಿ. ಬಡಿಸುವಾಗಲೂ ಪ್ರೀತಿ, ಉಣ್ಣಿಸುವಾಗಲೂ ಪ್ರೀತಿ. ಹತ್ತು ವರ್ಷ ಕಳೆದು ನಿಮ್ಮ ಮಗ ದೊಡ್ಡಪ್ಪನ ಮಗನನ್ನು ಕಂಡು ಮುಖ ತಿರುಗಿಸಿದಾಗ ನೀವೇ ಕೇಳುತ್ತೀರಿ, "ಇದೆಲ್ಲಿಂದ ಬಂತು ಇವನಿಗೆ?"

ಹಾಗಾಗಿ ಇವತ್ತು ಒಂದು ಕೆಲಸ ಮಾಡಿ. ದೊಡ್ಡ ವ್ರತ ಬೇಡ. ರಾತ್ರಿ ಊಟಕ್ಕೆ ಕೂತಾಗ ಎದುರಿಗೆ ಇಲ್ಲದವರ ಮಾತು ನಾಲಿಗೆಗೆ ಬಂದರೆ ಅಲ್ಲೇ ನುಂಗಿಬಿಡಿ. ಮಕ್ಕಳು ಈಗಾಗಲೇ ಯಾರ ಬಗ್ಗೆಯಾದರೂ ಹಗುರವಾಗಿ ಮಾತಾಡುತ್ತಿದ್ದರೆ ಗದರಬೇಡಿ, ಅವರು ತಿಂದದ್ದು ನಿಮ್ಮ ಕೈಯಿಂದಲೇ. ಪಕ್ಕದಲ್ಲಿ ಕೂಡಿಸಿಕೊಂಡು "ತಪ್ಪು ನನ್ನದಪ್ಪಾ" ಅನ್ನಿ. ನಾಳೆ ಬೆಳಗ್ಗೆ ಅದೇ ಮಗನ ಕೈಹಿಡಿದು ನಿಮ್ಮ ಅಣ್ಣನ ಮನೆಗೆ ಹೋಗಿ, ಒಂದು ಲೋಟ ನೀರು ಕೇಳಿ ಕುಡಿಯಿರಿ. ಮಗ ನೋಡಲಿ.