ಮಾರ್ಸಲಿಯ ಪಾಳಿ

“ಹುಟ್ಟಿದವರ ಹೆಸರನ್ನೂ ಮಡಿದವರ ಹೆಸರನ್ನೂ ಮರೆಯದವನೇ, ಕಡಲಾಚೆ ಚದುರಿದವರನ್ನೂ ಕಲ್ಲಡಿ ಮಲಗಿದವರನ್ನೂ ಒಂದೇ ಅಂಗೈಯಲ್ಲಿ ಇರಿಸಿಕೊಂಡವನೇ, ಈ ಕತೆಯನ್ನು ಹೇಳುವ ನಾಲಗೆ ಸುಳ್ಳಿನತ್ತ ಹೊರಳದಂತೆ ಕಾಪಾಡು. ಅದು ಹಿಂದೊಮ್ಮೆ ಹೊರಳಿದ್ದನ್ನು ನೀನು ಬಲ್ಲೆ.”

ಲಾಕ್ಲನ್ ಮ್ಯಾಕ್‌ಐವರ್ ಹೀಗೆ ಕಣ್ಣುಮುಚ್ಚಿ ಪ್ರಾರ್ಥಿಸಿದಾಗ ದೋಣಿಕಟ್ಟೆಯ ಚಹಾದಂಗಡಿಯ ಕಿಟಕಿಗಳ ಮೇಲೆ ಮಳೆ ಅಡ್ಡಡ್ಡಲಾಗಿ ಅಪ್ಪಳಿಸುತ್ತಿತ್ತು. ಗಾಳಿಯ ದೆಸೆಯಿಂದ ಮಧ್ಯಾಹ್ನದ ದೋಣಿ ಹೊರಟಿರಲಿಲ್ಲ. ಒಳಗೆ ಸಿಕ್ಕಿಕೊಂಡಿದ್ದವರು ಪೂರ್ವಿಕರ ನೆಲವನ್ನು ಕಾಣಲೆಂದು ಕೆನಡಾದಿಂದಲೂ ನ್ಯೂಜಿಲೆಂಡಿನಿಂದಲೂ ಬಂದ ಮ್ಯಾಕ್‌ಐವರ್ ಕುಲದ ಹದಿನಾಲ್ಕು ಮಂದಿ, ಅವರ ಗೈಡ್ ಇಷ್ಬೆಲ್, ಆಕೆಯ ದೊಡ್ಡಪ್ಪ ಲಾಕ್ಲನ್, ಮತ್ತು ಈ ಊರಿನ ಚರ್ಚಿನ ಬೋಧಕನಾದ ನಾನು.

ಕತೆಗೆ ಕಾರಣನಾದವನು ಡೂಗಲ್ ಎಂಬ ನ್ಯೂಜಿಲೆಂಡಿನ ಸ್ಥೂಲಕಾಯದ ಗೃಹಸ್ಥ. ಓಟ್ಸ್ ರೊಟ್ಟಿಗೆ ಬೆಣ್ಣೆ ಸವರುತ್ತ ಆತ ಇಷ್ಬೆಲ್‌ಳನ್ನು ಕೆಣಕಿದ್ದ: “ಏನಮ್ಮಾ ಗೈಡಮ್ಮ, ಎರಡು ದಿನದಿಂದ ಬರೀ ಬಿದ್ದ ಗೋಡೆ ತೋರಿಸ್ತಿದೀಯ. ನಮ್ಮ ತಾತಂದಿರು ಕಲ್ಲು ಬಿಟ್ಟು ಇನ್ನೇನೂ ಬಿಟ್ಟು ಹೋಗ್ಲಿಲ್ವಾ? ಒಂದು ದೆವ್ವಾನಾದ್ರೂ ಬೇಡ್ವಾ?”

“ನಿಮ್ಮ ಟಿಕೆಟ್ಟಲ್ಲಿ ದೆವ್ವ ಸೇರಿಲ್ಲ ಡೂಗಲಣ್ಣ. ಬೇಕೇ ಬೇಕು ಅಂದ್ರೆ ದೊಡ್ಡಪ್ಪನ್ನ ಕೇಳಿ. ನನಗಿಂತ ಮೊದಲು ಮೂವತ್ತು ವರ್ಷ ಆ ಬಸ್ಸಲ್ಲಿ ಜನರನ್ನ ಸುತ್ತಿಸಿದ್ದು ಅವರೇ,” ಎಂದಳು ಅವಳು.

ಒಲೆಯ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಲಾಕ್ಲನ್ ಮುದುಕರು ತಲೆಯೆತ್ತಿದರು. ನಮ್ಮ ಚರ್ಚಿನಲ್ಲಿ ಕೀರ್ತನೆಯ ಒಂದೊಂದು ಸಾಲನ್ನೂ ಮೊದಲು ತಾವು ಎತ್ತಿಕೊಟ್ಟು ಸಭೆಯಿಂದ ಹಾಡಿಸುತ್ತಿದ್ದ ಕಂಠ ಅದು. ಅವರು ಕತೆ ಹೇಳಿದರೂ ಗ್ರಂಥವನ್ನು ಓದಿದಂತೆಯೇ ಕೇಳಿಸುತ್ತದೆ. ವೈದ್ಯರು ಅವರಿಗೆ ಹಿಮ ಬೀಳುವವರೆಗಿನ ಅವಧಿಯನ್ನಷ್ಟೇ ಕೊಟ್ಟಿದ್ದರು. ಅದು ಅಲ್ಲಿದ್ದವರಲ್ಲಿ ನನಗೂ ಇಷ್ಬೆಲ್‌ಗೂ ಮಾತ್ರ ಗೊತ್ತಿತ್ತು.

“ಕೇಳಿ ಮಕ್ಕಳೇ,” ಎಂದು ಅವರು ಪ್ರಾರ್ಥನೆ ಮುಗಿಸಿ ಪ್ರಾರಂಭಿಸಿದರು. “ನಾಳೆ ನೀವು ನೋಡಲಿರುವ ಆರ್ಡಾಲ ಕಣಿವೆಯಲ್ಲಿ ಒಂದು ಕಾಲಕ್ಕೆ ಅರವತ್ತು ಮನೆಗಳ ಹೊಗೆ ಏಳುತ್ತಿತ್ತು. ಕಣಿವೆಯ ಬಾಯಲ್ಲಿ ಒಂದು ಕಲ್ಲುಸೇತುವೆ. ಒಳತುದಿಯಲ್ಲಿ ಸುತ್ತುಗೋಡೆಯ ಸ್ಮಶಾನ, ಅದಕ್ಕೊಂದು ಗೇಟು. ಆ ಸ್ಮಶಾನದಲ್ಲಿ ಕೊನೆಗೆ ಮಣ್ಣಾದವರು ಯಾರೋ ಅವರೇ ಗೇಟಿನಲ್ಲಿ ನಿಂತು ಒಳಗಿನವರೆಲ್ಲರ ನಿದ್ದೆಯನ್ನು ಕಾಯಬೇಕು, ಮುಂದಿನ ಹೆಣ ಬಂದಾಗ ಪಾಳಿಯನ್ನು ಅದಕ್ಕೊಪ್ಪಿಸಿ ತಾವು ಹೋಗಿ ಮಲಗಬೇಕು ಎಂಬುದು ನಮ್ಮ ಹಿರಿಯರ ನಂಬಿಕೆ. ಒಂದು ತಿಂಗಳು, ಹೆಚ್ಚೆಂದರೆ ಎರಡು ತಿಂಗಳು... ಜನ ತುಂಬಿದ ಊರಿನಲ್ಲಿ ಸಾವಿಗೇನು ಬರವೇ? ಒಂದೇ ದಿನ ಎರಡು ಶವಗಳು ಹೊರಟವೆಂದರೆ ಹೊತ್ತವರು ಓಡುತ್ತಿದ್ದರಂತೆ! ‘ನಮ್ಮಜ್ಜಿ ಮೊದಲು ಕಣೋ! ನಿಮ್ಮ ಮಾವ ಆಮೇಲೆ ಬರ್ಲಿ, ಬದುಕಿದ್ದಾಗ ಒಂದು ಕೆಲಸ ಮಾಡಿದವನಲ್ಲ, ಈಗಾದ್ರೂ ನಿಂತು ಕಾಯ್ಲಿ’ ಎಂದು ಗೇಟಿನಲ್ಲೇ ಹೊಡೆದಾಡಿ, ಪೆಟ್ಟಿಗೆಯನ್ನು ಕೆಳಗಿಟ್ಟು ಮೂಗು ಒಡೆದುಕೊಂಡವರೂ ಉಂಟು.”

ಎಲ್ಲರೂ ನಕ್ಕರು. ಮುದುಕರು ಆ ನಗು ತಾನಾಗಿ ಇಳಿಯುವವರೆಗೆ ಕಾದರು.

“ಜಮೀನುದಾರನಿಗೆ ಮನುಷ್ಯರಿಗಿಂತ ಕುರಿಗಳು ಮೇಲೆಂದು ತೋರಿದ ವರ್ಷ ಅದು. ಊರು ಖಾಲಿಯಾಗಬೇಕೆಂದು ಆಜ್ಞೆ ಬಂದ ದಿನ ಬೆಳಗ್ಗೆ ಮಾರ್ಸಲಿ ಎಂಬಾಕೆಯನ್ನು ಮಣ್ಣುಮಾಡಿದರು. ಮೂವತ್ತರ ಹೆಂಗಸು, ಜ್ವರದಿಂದ ಹೋಗಿದ್ದಳು. ಗೋರಿಗೆ ಕಲ್ಲು ಕೊರೆಯಿಸಲು ಪುರುಸೊತ್ತೆಲ್ಲಿ? ಗಂಡ ಮನೆಯ ಬೀಸುವ ಕಲ್ಲಿನ ಕೆಳಗಿನ ಬಿಲ್ಲೆಯನ್ನು ಅವಳ ಎದೆಯ ಮೇಲಿನ ಮಣ್ಣಿಗೆ ಒತ್ತಿಟ್ಟು, ಮೇಲಿನ ಬಿಲ್ಲೆಯನ್ನು ಬೆನ್ನಿಗೆ ಕಟ್ಟಿಕೊಂಡು, ಹಾಲುಗೂಸನ್ನು ಎತ್ತಿಕೊಂಡು ನಡೆದ. ಅವನು ಸೇತುವೆಯನ್ನು ದಾಟುವ ಹೊತ್ತಿಗೆ ಹಿಂದೆ ಮನೆಗಳ ಸೂರು ಉರಿಯುತ್ತಿತ್ತು. ಕಡಲತೀರದಲ್ಲಿ ಹಡಗು ಕಾಯುತ್ತಿತ್ತು. ಆ ಬಳಿಕ ಆರ್ಡಾಲದಲ್ಲಿ ಸಾಯುವುದಕ್ಕೆ ಒಬ್ಬರೂ ಉಳಿಯಲಿಲ್ಲ... ಈಗ ಹೇಳಿ, ಮಾರ್ಸಲಿಯ ಪಾಳಿಯನ್ನು ಬಿಡಿಸುವವರು ಯಾರು?”

ಡೂಗಲ್‌ನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಮರಳಿತು.

“ನಾನು ಇದನ್ನು ಮೈ ನವಿರೇಳುವ ಕತೆಯೆಂದು ಬಸ್ಸಿನಲ್ಲಿ ಹೇಳಿ ಜನರನ್ನು ರಂಜಿಸುತ್ತಿದ್ದೆ. ನಂಬಿದ್ದೆನೇ? ಇಲ್ಲ. ಮೂವತ್ತೆಂಟು ವರ್ಷಗಳ ಹಿಂದೆ, ಒಂದು ಜೂನ್ ತಿಂಗಳಲ್ಲಿ, ಕೆನಡಾದ ಕೇಪ್ ಬ್ರೆಟನ್ ದ್ವೀಪದಿಂದ ಎಫಿ ಎಂಬ ಮುದುಕಿ ನನ್ನ ಬಸ್ಸು ಹತ್ತಿದರು. ಎಪ್ಪತ್ತೆಂಟು ವಯಸ್ಸು, ಊರುಗೋಲು, ನಮ್ಮ ಹಳೆಯ ನುಡಿ ನನಗಿಂತ ಚೊಕ್ಕ. ಆ ಹಾಲುಗೂಸು ಅವರ ಮುತ್ತಜ್ಜಿ. ಬೀಸುವ ಕಲ್ಲಿನ ಮೇಲಿನ ಬಿಲ್ಲೆ ಇಂದಿಗೂ ಅವರ ಮನೆಯ ಹೊಸ್ತಿಲ ಮುಂದಿದೆಯಂತೆ. ಆರ್ಡಾಲಕ್ಕೆ ಬಂದಿಳಿದಾಗ ಬೆಳಗಿನ ಹನ್ನೊಂದು ಗಂಟೆ, ಸಣ್ಣ ತುಂತುರು. ಉಳಿದವರು ಗೋಡೆಗಳ ಚಿತ್ರ ತೆಗೆಯುತ್ತಿದ್ದರೆ ಎಫಿ ಸ್ಮಶಾನದ ಗೇಟಿನ ಬಳಿ ಬಹಳ ಹೊತ್ತು ನಿಂತಿದ್ದು ಮರಳಿ ಬಂದವರೇ ನನ್ನನ್ನು ಗದರಿಸಿದರು.

‘ಏನಪ್ಪಾ ಲಾಕ್ಲನ್, ಆ ಹುಡುಗೀನ ಮಳೇಲಿ ನಿಲ್ಲಿಸಿದೀರಲ್ಲ, ಒಂದು ಲೋಟ ಚಹಾ ಕೊಡೋ ಬುದ್ಧೀನೂ ಇಲ್ವಾ ನಿಮಗೆ?’

‘ಯಾವ ಹುಡುಗಿ ಅಜ್ಜಿ? ಅಲ್ಲಿ ಕಾವಲಿಗೆ ಅಂತ ನಾವು ಯಾರನ್ನೂ ಇಟ್ಟಿಲ್ಲ.’

‘ನೀವು ಇಟ್ಟಿಲ್ಲ, ಸರಿ. ಬೂದು ಶಾಲು ಹೊದ್ದಿದಾಳೆ, ತೋಯ್ದು ತೊಪ್ಪೆಯಾಗಿದಾಳೆ. “ನನ್ನ ಜಾಗಕ್ಕೆ ಯಾರು ಬರ್ತಾರೆ?” ಅಂತ ಕೇಳಿದ್ಳು. ನಾನು ಬರ್ತೀನಿ ಅಂದೆ. ನನಗಿನ್ನು ಎಷ್ಟು ದಿನ? ನಮ್ಮ ಮನೆಯವಳನ್ನ ನಾನಲ್ಲದೆ ಇನ್ಯಾರು ಬಿಡಿಸಬೇಕು?’

‘ಆಮೇಲೆ ನಿಮ್ಮನ್ನ ಯಾರು ಬಿಡಿಸ್ತಾರೆ ಅಜ್ಜಿ?’ ಎಂದು ನಾನು ತಮಾಷೆ ಮಾಡಿದೆ.

‘ನನಗೆ ಒಂಟಿಯಾಗಿರೋದು ಅಭ್ಯಾಸ ಕಣೋ. ಮೂವತ್ತು ವರ್ಷ ಲೈಟ್‌ಹೌಸ್ ನೋಡ್ಕೊಂಡವಳು ನಾನು. ಸುಮ್ನೆ ಹಲ್ಲು ಕಿರೀಬೇಡ, ಕೈ ಕೊಡು. ನನ್ನ ಬೂದಿ ಬರುತ್ತೆ. ಆ ಗೇಟಿನ ಒಳಗೆ ಹಾಕ್ತೀನಿ ಅನ್ನು.’

ಕೈ ಕೊಟ್ಟೆ. ಮಾತನ್ನೂ ಕೊಟ್ಟೆ. ಎಫಿ ತಿರುಗಿ ಗೇಟಿನ ಕಡೆಗೆ ಕೈಬೀಸಿ, ‘ಇವನೇ ಕರ್ಕೊಂಡು ಬರ್ತಾನಮ್ಮಾ’ ಎಂದು ಕೂಗಿದರು. ಅಲ್ಲಿ ನನಗೆ ಕಂಡದ್ದು ಮಳೆ ಮಾತ್ರ.

ಜನವರಿಯಲ್ಲಿ ಬೂದಿ ಬಂತು. ಬಟ್ಟೆಯಲ್ಲಿ ಹೊಲಿದ ಸಣ್ಣ ಡಬ್ಬಿ. ಕಣಿವೆಯ ದಾರಿ ಹಿಮದಿಂದ ಮುಚ್ಚಿತ್ತೆಂದು ಎಲ್ಲರಿಗೂ ಹೇಳಿದೆ. ಅದು ನಿಜವೇ... ಆದರೆ ಮೂರು ದಿನಗಳಲ್ಲಿ ಹಿಮ ಕರಗಿತ್ತು. ನನ್ನನ್ನು ತಡೆದದ್ದು ಹಿಮವಲ್ಲ, ನಾಚಿಕೆ. ದೇವರ ಸಭೆಯಲ್ಲಿ ಕೀರ್ತನೆ ಎತ್ತಿಕೊಡುವವನು ದೆವ್ವದ ಪಾಳಿ ಬಿಡಿಸಲು ಬೂದಿಯನ್ನು ಹೊತ್ತು ಬೆಟ್ಟ ಹತ್ತಿದನೆಂದು ಜನ ನಗುವುದಿಲ್ಲವೇ? ಅಂದಿನ ಬೋಧಕರು ಏನೆಂದಾರು? ಮಣ್ಣೆಲ್ಲವೂ ದೇವರದೇ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡು, ಇಲ್ಲೇ ಕಡಲತೀರದ ನಮ್ಮ ಚರ್ಚಿನ ಸ್ಮಶಾನದಲ್ಲಿ ಗುಂಡಿ ತೋಡಿ ಬೂದಿಯನ್ನು ಸುರಿದೆ. ಹತ್ತು ಜನ ಸೇರಿದ್ದರು, ಕೀರ್ತನೆ ಚೆನ್ನಾಗಿ ಆಯಿತು. ಎರಡು ವಾರಗಳಲ್ಲಿ ಬೆಸ್ತನೊಬ್ಬ ತೀರಿಕೊಂಡು ಅಲ್ಲೇ ಮಣ್ಣಾದ. ಹೀಗೆ ಎಫಿಯ ಪಾಳಿಯೂ ಮುಗಿಯಿತು, ಅವರು ಸುಖವಾಗಿ ಮಲಗಿದರು. ಬೇಡದ ಗೇಟಿನಲ್ಲಿ ನಿಂತು, ಬೇಡದವರನ್ನು ಬಿಡಿಸಿ...”

ಇಷ್ಬೆಲ್ ಎದ್ದು ಮುದುಕರ ಕಾಲಿಗೆ ಕಂಬಳಿಯನ್ನು ಸರಿಮಾಡಿದಳು.

“ವಸಂತದಲ್ಲಿ ಮೊದಲ ಬಸ್ಸು. ಗೈಡ್ ಆದವನು ಇಳಿಸಿದ ಕಡೆಯಲ್ಲೆಲ್ಲ ತಲೆ ಎಣಿಸಬೇಕಷ್ಟೆ? ಆರ್ಡಾಲದಲ್ಲಿ ಹನ್ನೊಂದು ಜನರನ್ನು ಇಳಿಸಿದೆ. ಹೊರಡುವಾಗ ಎಣಿಸಿದರೆ ಹನ್ನೆರಡು. ಮತ್ತೆ ಎಣಿಸಿದೆ, ಹನ್ನೆರಡು. ಹಿಂದಿನ ಸೀಟಿನಲ್ಲಿ ಬೂದು ಶಾಲಿನ ಹೆಂಗಸು. ಶಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ನೆಲ ಒಣಗಿಯೇ ಇತ್ತು. ಒಬ್ಬೊಬ್ಬರ ಮುಖವನ್ನೂ ಅವಳು ಇಣುಕಿ ನೋಡುತ್ತಿದ್ದಳು, ಹಡಗಿನಿಂದ ಇಳಿಯುವವರಲ್ಲಿ ತನ್ನವರನ್ನು ಹುಡುಕುವಂತೆ. ಕೊನೆಗೆ ನನ್ನ ಬಳಿಗೆ ಬಂದಳು.

‘ಅವರು ಬಂದ್ರಾ?’ ಎಂದು ಕೇಳಿದಳು.

ನಾನೇನು ಹೇಳಬೇಕಿತ್ತು? ನಿನಗೆ ಮಾತು ಕೊಟ್ಟ ಮುದುಕಿಯನ್ನು ನನ್ನ ಮಾನ ಕಾಯ್ದುಕೊಳ್ಳುವುದಕ್ಕಾಗಿ ಬೇರೆ ಕಡೆ ಹೂತೆನೆಂದು ಹೇಳಬೇಕಿತ್ತು. ಹೇಳಲಿಲ್ಲ.

‘ಬರ್ತಾರಮ್ಮಾ,’ ಎಂದೆ.

ಅವಳು ನಕ್ಕಳು, ಮಕ್ಕಳೇ. ಸೇತುವೆ ದಾಟಿದಾಗ ಎಣಿಸಿದರೆ ಹನ್ನೊಂದೇ.

ಮಾರನೆಯ ಭಾನುವಾರ ಎಫಿಯ ಬೂದಿ ಬೆರೆತ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಯಾರು ನಕ್ಕರೂ ನಗಲಿ ಎಂದು, ಕೀರ್ತನೆಯನ್ನು ಬಿಟ್ಟು ನಡೆದೇ ಹೋದೆ. ಗೇಟಿನೊಳಗೆ ಗುಂಡಿ ತೋಡಿ ಮುಚ್ಚಿ ಪ್ರಾರ್ಥಿಸಿದೆ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ‘ಇವರು ಕಾವಲು ಮುಗಿಸಿದವರು ಕಣಪ್ಪಾ. ಮಲಗಿದವರನ್ನ ಎಬ್ಬಿಸಬಾರದು,’ ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ‘ಹೋಗ್ಲಿ ಬಿಡು, ಇನ್ಯಾರಾದ್ರೂ ಬರ್ತಾರೆ, ಅಲ್ವಾ?’ ಎಂದಳು.

ಎಫಿಗೆ ಮೊದಲು ಅವಳು ಗೇಟನ್ನು ಬಿಟ್ಟು ಕದಲಿದವಳಲ್ಲ. ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಆಸೆಯಿಲ್ಲದೆ ನಿಂತಿದ್ದವಳಿಗೆ ನಾನು ಆಸೆ ಹುಟ್ಟಿಸಿದೆ. ಅಂದಿನಿಂದ ಪ್ರತಿ ಬಸ್ಸಿಗೂ ಹತ್ತಿ ಸೇತುವೆಯವರೆಗೆ ಬರುತ್ತಿದ್ದಳು, ಪ್ರತಿ ಬಸ್ಸಿನಲ್ಲೂ ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ಕಾಲು ಸೋತು ಕೆಲಸ ಬಿಡುವವರೆಗೂ... ಸುಳ್ಳು ಹೇಳಿದ ನಾಲಗೆಯಿಂದಲೇ ಭಾನುವಾರ ಕೀರ್ತನೆಯನ್ನೂ ಎತ್ತಿಕೊಟ್ಟೆ.”

ಡೂಗಲ್ ಕಣ್ಣೊರೆಸಿಕೊಂಡು ಅರ್ಧ ಎದ್ದ. “ಅಜ್ಜಾ, ನಾನೂ ಮ್ಯಾಕ್‌ಐವರೇ. ಹೆಂಡ್ತಿ ಮಕ್ಕಳು ಯಾರೂ ಇಲ್ಲ ನನಗೆ. ನಾನು ಬ—”

“ಬಾಯಿ ಮುಚ್ಚು!” ಮುದುಕರು ಗರ್ಜಿಸಿದರು. ಅವರ ಅಂತಹ ದನಿಯನ್ನು ನಾನೆಂದೂ ಕೇಳಿರಲಿಲ್ಲ. ಆಮೇಲೆ ಮೆಲ್ಲಗೆ, “ಮಾತು ಕೊಡಬೇಡಪ್ಪಾ. ನಾಳೆ ಆ ಗೇಟಿನಲ್ಲಿ ಯಾರು ಏನು ಕೇಳಿದರೂ, ಎಷ್ಟು ಮರುಕ ಹುಟ್ಟಿದರೂ, ಬರುತ್ತೇನೆಂದು ಅನ್ನಬೇಡ. ಮರುಕದ ಮಾತು ಅವಳಿಗೇನು ಮಾಡಿತೆಂದು ಈಗಷ್ಟೇ ಹೇಳಿದೆನಲ್ಲ? ಅಲ್ಲಿಗೆ ಹೋಗಬೇಕಾದವನು ನಾನು. ಬೋಧಕರಿಗೆ ಬರೆದು ಕೊಟ್ಟಿದ್ದೇನೆ. ಬೂದಿಯಲ್ಲ, ಇಡೀ ದೇಹ, ಗೇಟಿನ ಒಳಗೆ, ಹಿಮವಿದ್ದರೂ ಹೊತ್ತೇ ಹೋಗಬೇಕು.”

ಬರೆದು ಕೊಟ್ಟಿರುವುದು ನಿಜ. ನಾನು ತಲೆಯಾಡಿಸಿದೆ.

“ಇಷ್ಬೆಲ್,” ಎಂದರು ಅವರು, “ನಿನಗಿದನ್ನು ಇಷ್ಟು ವರ್ಷ ಹೇಳದಿದ್ದದ್ದು ನನ್ನ ತಪ್ಪು. ನಾಳೆ ಕಣಿವೆಯಿಂದ ಹೊರಡುವಾಗ ತಲೆ ಎಣಿಸಬೇಡ, ಮಗಳೇ. ಹೆದರೀಯೆ.”

ಇಷ್ಬೆಲ್ ಒಲೆಗೆ ಇನ್ನೊಂದು ಸೌದೆಯನ್ನು ಹಾಕಿದಳು.

“ನಾನು ಅಲ್ಲಿ ಎಣಿಸೋದು ಬಿಟ್ಟು ಮೂರು ವರ್ಷ ಆಯ್ತು, ದೊಡ್ಡಪ್ಪ. ಸೇತುವೆ ದಾಟಿದ ಮೇಲೇ ಎಣಿಸ್ತೀನಿ.”

ಮುದುಕರು ಅವಳತ್ತ ಬಾಗಿದರು.

“ಕೇಳ್ತಾಳಾ?” ಎಂದರು ಮುದುಕರು. ಗ್ರಂಥದ ಭಾಷೆ ಅವರ ಬಾಯಿಂದ ಜಾರಿಹೋಗಿತ್ತು.

“ಪ್ರತಿ ಸಲಾನೂ.”

“ನೀನೇನ್ ಹೇಳ್ತೀಯ?”

“ಬರ್ತಾರೆ ಅಂತೀನಿ.” ಅವಳು ಮುದುಕರ ಕೈಯನ್ನು ಹಿಡಿದುಕೊಂಡಳು. “ಹೋದ ವಾರ ಅವಳು ಕೇಳಿದ್ದು ಬೇರೆ. ‘ಬಂದ್ರಾ’ ಅಂತ ಕೇಳ್ಲಿಲ್ಲ. ‘ನಿಮ್ಮ ದೊಡ್ಡಪ್ಪನಿಗೆ ಚಳಿ ತಡಿಯೋಕೆ ಆಗುತ್ತಾ?’ ಅಂದ್ಳು.”

ಮುದುಕರು ನಕ್ಕರೋ ಅತ್ತರೋ ತಿಳಿಯಲಿಲ್ಲ. ಆಮೇಲೆ ಕಂಬಳಿಯನ್ನು ಸರಿಸಿ ಎದ್ದುನಿಂತು, ಕೀರ್ತನೆ ಎತ್ತಿಕೊಡುವಾಗ ನಿಲ್ಲುತ್ತಿದ್ದಂತೆ ನಿಂತು, ನಮ್ಮೆಲ್ಲರ ಕಡೆಗೆ ಕೈ ಚಾಚಿದರು.

“ಇದನ್ನು ಕೇಳಿದ ನಿಮ್ಮೆಲ್ಲರ ಮೇಲೆ ದೇವರ ದಯೆ ಇರಲಿ. ಕೊಟ್ಟ ಮಾತು ನಿಮ್ಮ ಕೈಯಲ್ಲಿರುವಾಗಲೇ ನೆರವೇರಲಿ. ನಿಮ್ಮ ಹಿಂದೆ ಬರುವವರು ಹೊತ್ತಿಗೆ ಸರಿಯಾಗಿ ಬರಲಿ, ನಿಮ್ಮ ನಿದ್ದೆ ತಣ್ಣಗಿರಲಿ. ಮುಂದೆ ಎಂದಾದರೂ ಆ ಗೇಟಿನಲ್ಲಿ ಮುದುಕನೊಬ್ಬ ನಿಂತಿರುವುದು ಕಂಡರೆ, ಆತ ನಿಮ್ಮನ್ನು ಏನನ್ನೂ ಕೇಳುವುದಿಲ್ಲ. ನೀವು ಹರಸಿ ಮುಂದೆ ನಡೆಯಿರಿ. ಆಮೆನ್.”