ಅನೂಪನ ನೀಲಿ ಅಂಗಿ

ಹೆಸರು: ರವೀಂದ್ರ ತಂದೆ ಜಟ್ಟಿ ನಾಯ್ಕ, ಪ್ರಾಯ: 51 ವರ್ಷ, ವೃತ್ತಿ: ಮನೆಗಳಿಗೆ ಬಣ್ಣ ಬಳಿಯುವುದು, ವಾಸ: ಬಾಡ, ಕುಮಟಾ ತಾಲೂಕು.

ಠಾಣೆಗೆ ಹಾಜರಾಗಿ ಈ ಮೂಲಕ ಹೇಳಿ ಬರೆಸುವುದೇನೆಂದರೆ, ನನ್ನ ಮಗ ಅನೂಪ, 20 ವರ್ಷ, ದಿನಾಂಕ 09-02-2025ರಂದು ಹೊನ್ನಾವರದಿಂದ ಕೆಲಸ ಮುಗಿಸಿ ಬರುವಾಗ ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡನು. ಆ ಕೇಸು ಬೇರೆ ಇದೆ. ಈಗ ಹೇಳುವುದು ಅವನ ಕ್ರಿಕೆಟ್ ವಿಡಿಯೋ ಗೇಮಿನ ವಿಷಯ. ಅದನ್ನು ಅವನು ಮೊದಲ ಸಂಬಳದಲ್ಲಿ ಪೂರ್ತಿ ದುಡ್ಡು ಕೊಟ್ಟು ಕೊಂಡು, ಟಿವಿಗೆ ಜೋಡಿಸಿ ಆಡುತ್ತಿದ್ದನು. ಅದರಲ್ಲಿ ತನ್ನದೇ ಮುಖದ ಆಟಗಾರನನ್ನು ಮಾಡಿಕೊಂಡಿದ್ದನು. ಗಲ್ಲದ ಮಚ್ಚೆಯನ್ನೂ ಬಿಟ್ಟಿರಲಿಲ್ಲ.

ಹನ್ನೆರಡನೆಯ ದಿನ ಹಿತ್ತಿಲಲ್ಲಿ ಅವನಿಗೆ ಎಡೆ ಇಟ್ಟೆವು. ಮಧ್ಯಾಹ್ನ ಎರಡು ಗಂಟೆಯಾದರೂ ಕಾಗೆ ಮುಟ್ಟಲಿಲ್ಲ, ಕಂಪೌಂಡಿನ ಮೇಲೆ ಕುಳಿತು ನೋಡುತ್ತಿತ್ತು. ಏನೋ ಆಸೆ ಉಳಿದಿದೆ ಎಂದು ಹಿರಿಯರು ಹೇಳಿದರು. ಮಗಳು ಅರ್ಚಿತಾ ಅಳುತ್ತಾ, ಆ ಆಟಗಾರನಿಗೆ ನೀಲಿ ಅಂಗಿ ಬೇಕೆಂದು ಅಣ್ಣ ಹೇಳುತ್ತಿದ್ದ, ಅದಕ್ಕೆ ಬೇರೆ ದುಡ್ಡು ಕೊಡಬೇಕು ಎಂದಳು. ನಾನು ಕೈಮುಗಿದು, "ಕೊಡ್ಸ್ತೆ ಮಗಾ, ಉಣ್ಣು" ಎಂದೆ. ಕಾಗೆ ಬಂದು ಮುಟ್ಟಿತು.

ಅಂದೇ ಸಂಜೆ ಮಗಳಿಂದ ಗೇಮ್ ತೆರೆಸಿ ನನ್ನ ಕಾರ್ಡಿನಿಂದ ದುಡ್ಡು ಕಟ್ಟಿದೆ. ಅಂಗಿ ಬರಲಿಲ್ಲ, ಟಿವಿಯ ಪರದೆಯಲ್ಲಿ ಒಂದು ಪೆಟ್ಟಿಗೆ ಬಂತು. ಅದರೊಳಗೆ ಹಸಿರು ಟೊಪ್ಪಿ ಇತ್ತು. ಅಂಗಿಯನ್ನು ನೇರವಾಗಿ ಮಾರುವುದಿಲ್ಲ, ಅದೃಷ್ಟವಿದ್ದರೆ ಯಾವುದೋ ಪೆಟ್ಟಿಗೆಯಲ್ಲಿ ಸಿಗುತ್ತದೆ ಎಂದು ಮಗಳು ತಿಳಿಸಿದಳು. ಬಣ್ಣದಂಗಡಿಯಲ್ಲಿ ನೀಲಿ ಕೇಳಿದರೆ ನೀಲಿಯನ್ನೇ ಕೊಡುತ್ತಾರೆ. ಅವಳು ಸಾಕು ಎಂದರೂ ಕೇಳದೆ ಮತ್ತೆ ಮತ್ತೆ ಕೊಂಡೆ. ಮಾತು ಕೊಟ್ಟಾಗಿತ್ತು. ಕೈಗವಸು, ಬೂಟು, ಬ್ಯಾಟು ಬಂದವು. ಅಂಗಿ ಬರಲೇ ಇಲ್ಲ. ಮೂರನೆಯ ದಿನ, ಬೇರೆಯವರ ಕಾರ್ಡಿನಿಂದ ಸಂಶಯದ ಖರೀದಿ ನಡೆದಿದೆ ಎಂದು ಗೇಮಿನ ಕಂಪನಿಯವರು ಅದರಲ್ಲಿದ್ದ ಅನೂಪನ ಖಾತೆಯನ್ನು ಮುಚ್ಚಿದರು. ಮಗಳು ಬರೆದು ಕೇಳಿದ್ದಕ್ಕೆ, ಖಾತೆದಾರರು ಸ್ವತಃ ಅರ್ಜಿ ಹಾಕಬೇಕೆಂದು ಉತ್ತರ ಬಂತು.

ನನ್ನ ಹೆಂಡತಿ ಗಣಪಿಗೆ ಆಟ ಗೊತ್ತಿಲ್ಲ. ಆದರೆ ಗೇಮ್ ತೆರೆದು ಆಡದೆ ಬಿಟ್ಟರೂ ಆ ಆಟಗಾರ ಟಿವಿಯಲ್ಲಿ ಉಸಿರಾಡುತ್ತಾ ನಿಂತಿರುತ್ತಾನೆ. ಮಗ ಹೋದ ಮೇಲೆ ಅವಳು ದಿನಾ ಸಂಜೆ ದೀಪ ಹಚ್ಚಿ ಅವನ ಎದುರು ಕುಳಿತಿರುತ್ತಿದ್ದಳು. ಖಾತೆ ಮುಚ್ಚಿದ್ದರಿಂದ ಈಗ ಟಿವಿಯಲ್ಲಿ ಅವನಿಲ್ಲ. ಹಳೇ ಅಂಗೀಲೇ ಇದ್ದಿದ್ನಲ, ನಿಮ್ಗೆ ಹೊಸದು ಎಂತಕ್ಕೆ ಬೇಕಿತ್ತು ಎಂದು ಅವಳು ನನ್ನನ್ನು ಕೇಳಿರುತ್ತಾಳೆ. ಅದಕ್ಕೇ ಠಾಣೆಗೆ ಬಂದಿರುತ್ತೇನೆ.

ಕಟ್ಟಿದ ಹಣ ನನಗೆ ವಾಪಸ್ ಬೇಡ. ಅಂಗಿಯೂ ಬೇಡ, ಮಗನಲ್ಲಿ ನಾನೇ ತಪ್ಪಾಯಿತೆಂದು ಕೇಳಿಕೊಳ್ಳುತ್ತೇನೆ. ಮುಚ್ಚಿದ ಆ ಖಾತೆಯನ್ನಷ್ಟೇ ಮತ್ತೆ ತೆರೆಸಿಕೊಡಬೇಕು. ಅವನು ಉಸಿರಾಡುವುದನ್ನು ಅವನ ತಾಯಿ ನೋಡಬೇಕು.

ಇಷ್ಟನ್ನೂ ನಾನೇ ಹೇಳಿ ಬರೆಸಿದ್ದು. ಓದಿಸಿ ಕೇಳಿದ್ದೇನೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಕುಮಟಾ
ದಿನಾಂಕ: 27-02-2025
ಸಹಿ: ರವೀಂದ್ರ ಜಟ್ಟಿ ನಾಯ್ಕ