ಸಣ್ಣ ಜೋಡಿಯನ್ನು ಕೆಳಗಿಟ್ಟವನ ಪಶ್ಚಾತ್ತಾಪ

ತಾಯಂದಿರೇ, ಹಿರಿಯರೇ, ಇಸ್ಪೀಟಿನ ಕಥೆಯನ್ನು ಈ ಗದ್ದುಗೆಯ ಮುಂದೆ ಹೇಳಬಹುದೋ ಬಾರದೋ ಎಂದು ಎರಡು ದಿನ ಯೋಚಿಸಿದೆ. ತಪ್ಪಾದರೆ ಕ್ಷಮಿಸಿ. ಆಟ ಕಲಿಸಲು ಹೇಳುತ್ತಿಲ್ಲ.

ಒಂದು ಊರು. ಆ ಊರಿಗೆಲ್ಲ ಒಬ್ಬನೇ ಶ್ರೀಮಂತ. ಭಾನುವಾರ ಮಧ್ಯಾಹ್ನ ಅವನ ಪಡಸಾಲೆಯಲ್ಲಿ ಗೆಳೆಯರು ಸೇರಿ ಪೋಕರ್ ಆಡುತ್ತಿದ್ದರು. ದುಡ್ಡಿಲ್ಲ, ಬರೀ ಹುಣಸೆ ಬೀಜ. ಪ್ರತಿಯೊಬ್ಬನ ಕೈಯಲ್ಲಿ ಎರಡು ಗುಟ್ಟಿನ ಎಲೆ. ಬೀಜ ಕಟ್ಟಿದವರಿಗೆ ನಡುವೆ ಮೂರು ಎಲೆ ತೆರೆಯುತ್ತಾರೆ, ಆಮೇಲೆ ಇನ್ನೆರಡು. ಕೈಯದೂ ನಡುವಿನದೂ ಸೇರಿ ಯಾರ ಎಲೆ ದೊಡ್ಡದೋ, ಬೀಜವೆಲ್ಲ ಅವನಿಗೆ.

ಶ್ರೀಮಂತ ಮೊದಲು ಕಲಿತದ್ದು ತೀನ್ ಪತ್ತಿ, ಬರೀ ಮೂರು ಎಲೆಯ ಆಟ. ಅಲ್ಲಿ ಜೋಡಿ ಬಂದರೆ ಹಬ್ಬ. ಅದೇ ಲೆಕ್ಕದಲ್ಲಿ ಇಲ್ಲಿಯೂ ಮೂರರ ಜೋಡಿ ಬರಲಿ, ಐದರ ಜೋಡಿ ಬರಲಿ, ಬಿಡುತ್ತಲೇ ಇರಲಿಲ್ಲ. ಹೊಸ ಆಟಕ್ಕೆ ಹಳೆಯ ಆಟದ ಬೆಲೆ ಕಟ್ಟಿದ. ನಾವೂ ಹಾಗೇ ಮಾಡುತ್ತೇವಲ್ಲವೇ?

ಅವನ ಹೆಂಡತಿ ಆಡುತ್ತಿರಲಿಲ್ಲ. ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತ ನೋಡುತ್ತಿದ್ದಳು. ಒಂದು ದಿನ ಹೇಳಿದಳು: "ನಿಮಗ ಹದಿನೇಳ ಸಲ ಸಣ್ಣ ಜೋಡಿ ಬಂತ್ರೀ. ಅದಕ್ಕ ಕೂಡೂ ಮೂರನೇ ಎಲಿ ನಡುವ ಬಿದ್ದಿದ್ದು ಎರಡ ಸಲ. ಕಡಿಮಿ ಬೀಜಕ್ಕ ನೋಡಾಕ ಸಿಕ್ಕರ ನೋಡ್ರಿ. ನಿಮ್ಮ ಮುಂದೂ ಎದುರಿನವರ ಮುಂದೂ ದೊಡ್ಡ ರಾಶಿ ಇದ್ದರ ಮಾತ್ರ ನೋಡ್ರಿ. ಮೂರನೇದ್ದು ಬರಲಿಲ್ಲಾ, ಅಲ್ಲೇ ಎಲಿ ಕೆಳಗ ಇಟ್ಟಬಿಡ್ರಿ."

ನೋಡಿ, ಎಂಥ ಮಾತು! ಎಂಟೊಂಬತ್ತು ಸಲಕ್ಕೆ ಒಮ್ಮೆ ಬರುವುದು, ಬಂದಾಗ ಉಳಿದ ಸಲ ಕಳೆದದ್ದನ್ನೆಲ್ಲ ತುಂಬಿಕೊಡಬೇಕು. ರಾಶಿಯೇ ಚಿಕ್ಕದಾದರೆ ಎಲ್ಲಿಂದ ತುಂಬೀತು?

ಒಂದು ಭಾನುವಾರ ಗೆಳೆಯರಲ್ಲಿದ್ದ ಗುತ್ತಿಗೆದಾರ ಕೆಣಕಿದ. "ಬರೇ ಬೀಜ ಆಡಿ ಬ್ಯಾಸರ ಬಂತು ಸಾಹುಕಾರ್ರ. ಏನರ ಹಚ್ಚರಿ. ನಂದು ಟ್ರ್ಯಾಕ್ಟರ್."

"ನಂದು ಜೀಪು," ಅಂದುಬಿಟ್ಟ ಶ್ರೀಮಂತ. ಇಬ್ಬರಲ್ಲಿ ಯಾರ ಬೀಜ ಮೊದಲು ಮುಗಿಯುತ್ತದೋ ಅವನ ಗಾಡಿ ಹೋಯಿತು ಎಂದು ಮಾತಾಯಿತು.

ಹೆಂಡತಿಯ ಕೈ ನಿಂತಿತು. ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು, ಬಸ್ಸು ಹೋಗದ ಹಳ್ಳಿಯಲ್ಲಿ. ಪ್ರತಿ ಗುರುವಾರ ಅದೇ ಜೀಪಿನಲ್ಲಿ ಹೋಗಿ ಅಕ್ಕನಿಗೆ ತಲೆಗೆ ನೀರು ಹಾಕಿ, ಉಣ್ಣಿಸಿ ಬರುತ್ತಿದ್ದಳು. ಜೀಪು ಅವನದು, ಸರಿ. ಗುರುವಾರ ಯಾರದು? ಅವನು ಕೇಳಲಿಲ್ಲ.

ಆಟ ಸಾಗಿತು. ಶ್ರೀಮಂತನ ಮುಂದೆ ಅರವತ್ತು ಬೀಜ ಉಳಿದವು. ಕೈಗೆ ನಾಲ್ಕರ ಜೋಡಿ ಬಂತು. ಗುತ್ತಿಗೆದಾರ ಇಪ್ಪತ್ತು ಕೇಳಿದ. ಅರವತ್ತರಲ್ಲಿ ಇಪ್ಪತ್ತು, ಬರೀ ನೋಡುವುದಕ್ಕೆ! ಶ್ರೀಮಂತನಿಗೆ ಹೆಂಡತಿಯ ಮಾತು ನೆನಪಾಯಿತು. ಎಲೆ ಇಟ್ಟುಬಿಟ್ಟ. ಸರಿಯಾದ ಕೆಲಸ.

ಉಳಿದವರಿಗಾಗಿ ನಡುವೆ ಎಲೆ ತೆರೆದರು. ಮೊದಲನೆಯದೇ ನಾಲ್ಕು.

ಅವನು ಹಣೆ ಬಡಿದುಕೊಂಡು ತನ್ನ ಎಲೆ ತೋರಿಸಿದ. ಗುತ್ತಿಗೆದಾರ ನಕ್ಕು ನಕ್ಕು ಕೆಮ್ಮಿದ. "ಮನಿಗೆ ಬಂದ ಲಕ್ಷ್ಮೀನ ಹೊರಗ ಹಾಕಿದ್ರಲ್ಲೋ ಮಾರಾಯ್ರ! ನಿಮ್ಮ ಮನಿಯವರು ಹೇಳಿಕೊಟ್ಟಿದ್ದೇನು?"

"ಇಟ್ಟಿದ್ದು ಸರಿ ಐತ್ರೀ," ಎಂದಳು ಹೆಂಡತಿ.

"ನೀ ಸುಮ್ಮ ಕೂಡು," ಎಂದ ಅವನು.

ಸ್ವಲ್ಪ ಹೊತ್ತಿಗೆ ಆರರ ಜೋಡಿ ಬಂತು. ಗುತ್ತಿಗೆದಾರ ಮತ್ತೆ ಇಪ್ಪತ್ತು ಕೇಳಿದ. ಈ ಸಲ ಕೊಟ್ಟ. ತೆರೆದದ್ದು ರಾಜ, ಒಂಬತ್ತು, ಎರಡು. ಆರು ಇಲ್ಲ. ಆಗಲಾದರೂ ಇಡಬೇಕಿತ್ತು. "ಆಗ ಇಟ್ಟು ಕೆಟ್ಟೆ, ಈಗ ಇಡಾಂಗಿಲ್ಲ" ಎನ್ನುತ್ತ ಉಳಿದ ನಲವತ್ತನ್ನೂ ನೂಕಿದ. ಕೊನೆಯ ಎರಡು ಎಲೆಗಳಲ್ಲೂ ಆರು ಬರಲಿಲ್ಲ. ಗುತ್ತಿಗೆದಾರನ ಕೈಯಲ್ಲಿ ಇನ್ನೊಂದು ರಾಜ ಇತ್ತು, ಅವನ ಜೋಡಿಯೇ ದೊಡ್ಡದಾಯಿತು. ಜೀಪು ಹೋಯಿತು.

ಆ ಗುರುವಾರ ಹೆಂಡತಿ ರೊಟ್ಟಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ, ಮೂರು ಮೈಲಿ ನಡೆದಳು. ಅಕ್ಕನ ಹತ್ತಿರ ಕೂತದ್ದು ಅರ್ಧ ತಾಸು. ತಲೆಗೆ ನೀರು ಹಾಕಲು ಹೊತ್ತು ಸಾಲಲಿಲ್ಲ. ತಿರುಗಿ ಬಂದಾಗ ಗಂಡ ಕೇಳಿದ, "ಸಿಟ್ಟಾಗಿಯೇನ?"

"ನಾಲ್ಕರ ಜೋಡಿ ಇಟ್ಟಾಗ ನೀವು ತಪ್ಪಿದ್ದಿಲ್ಲರೀ. ಅದನ್ನ ತಪ್ಪಂತ ತಿಳಕೊಂಡ್ರಲ್ಲ, ಜೀಪು ಹೋಗಿದ್ದು ಅಲ್ಲೇ."

ಹಿರಿಯರೇ, ಈ ಮಾತು ನನಗೂ ಸೇರಿದ್ದು. ನೀವು ಹಾಲಿಗೆ ನೀರು ಬೆರೆಸಲಿಲ್ಲ. ಬೆರೆಸಿದ ಪಕ್ಕದವನು ಮಾಳಿಗೆ ಕಟ್ಟಿದ. ನೀವು ಸಿಟ್ಟಿನ ಮಾತು ನುಂಗಿದಿರಿ. ಎದುರಿನವರು ಅಂಜುಬುರುಕ ಎಂದರು. ಆಗ ಏನನಿಸುತ್ತದೆ? ಅಯ್ಯೋ, ಕೆಟ್ಟೆನಲ್ಲ ಅನಿಸುತ್ತದೆ. ಮುಂದಿನ ಸಲ ನೀರು ಬೆರೆಸುವುದು, ಬಾಯಿ ಬಿಡುವುದು ಆ ಪಶ್ಚಾತ್ತಾಪದಿಂದಲೇ. ಸರಿಯಾದ ಕೆಲಸವೂ ಒಂದೊಂದು ದಿನ ನಷ್ಟ ತರುತ್ತದೆ, ನೋಡಿ. ನಷ್ಟ ಬಂತೆಂದು ಅದು ತಪ್ಪಾಗುವುದಿಲ್ಲ.

ಈ ವಾರ ಇಷ್ಟು ಮಾಡಿ. ಮಾಡಿದ ಕೆಲಸ ಫಲ ಕೊಟ್ಟಿತೋ ಇಲ್ಲವೋ ಎಂದು ಕೇಳಿಕೊಳ್ಳುವ ಮೊದಲು, ಮಾಡುವಾಗ ತಿಳಿದಷ್ಟರಲ್ಲಿ ಅದು ಸರಿಯಿತ್ತೇ ಎಂದು ಕೇಳಿಕೊಳ್ಳಿ. ಸರಿಯಿದ್ದರೆ, ನಾಲ್ಕು ಜನ ನಕ್ಕರೂ ನಾಳೆ ಅದನ್ನೇ ಮಾಡಿ. ಮತ್ತೆ, ಏನನ್ನಾದರೂ ಪಣಕ್ಕಿಡುವ ಮೊದಲು, ಅದು ಹೋದರೆ ಬಿಸಿಲಲ್ಲಿ ನಡೆಯುವವರು ಯಾರೋ ಅವರನ್ನು ಒಂದು ಮಾತು ಕೇಳಿ. ಬೇಡ ಎಂದರೆ ಬಿಟ್ಟುಬಿಡಿ.